ಸೋಮವಾರ ಮಾತ್ರ ನೆಟ್ಟಗಿರುತ್ತಿದ್ದ ಬೆಳಕು

ಪುಟ್ಟಿ, ಗುಂಡಾ, ಇದು ನಿಮ್ಮಿಬ್ಬರಿಗೆ.

ಹೋದ ವಾರ ಗುಂಡ ತನ್ನ ಒದ್ದೆ ಕಾಲುಚೀಲಗಳನ್ನು ಇಂಟರ್‌ನೆಟ್ ಪೆಟ್ಟಿಗೆಯ ಮೇಲೆ ಒಣಗಲು ಹರವಿದ್ದನ್ನು ಕಂಡು ನಾನು ಅಡುಗೆಮನೆಯಿಂದ ಓಡಿ ಬಂದು ತೆಗೆದುಬಿಟ್ಟೆ. ಅಜ್ಜಿ ಓಡಿದ್ದನ್ನು ನೀವು ಯಾವತ್ತೂ ನೋಡಿರಲಿಲ್ಲ. ಬಿದ್ದು ಬಿದ್ದು ನಕ್ಕಿರಿ. "ಅದೇನು ದೇವರ ಪೀಠಾನಾ ಅಜ್ಜಿ?" ಎಂದು ಪುಟ್ಟಿ ಕೇಳಿದಳು. ನನಗೆ ಉತ್ತರ ಗೊತ್ತಿತ್ತು, ಆದರೆ ಬಾಯಿಗೆ ಬರಲಿಲ್ಲ. ಚಿಕ್ಕಂದಿನಿಂದಲೂ ನನ್ನದು ಇದೇ ಪಾಡು, ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯುವುದಾದರೆ ಯಾರೂ ಮುಖ ನೋಡುತ್ತಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ನಾವು ಲಗ್ಗೆರೆಯಲ್ಲಿ ಬಾಡಿಗೆಗಿದ್ದೆವು. ನಿಮ್ಮ ಅಮ್ಮ ಸ್ಕೂಲಿಗೆ ಸೇರಿದ ವರ್ಷ ನಾನೂ ಕೆಲಸಕ್ಕೆ ಸೇರಿದೆ. ಅದು ತೊಂಬತ್ತರ ದಶಕದ ಕೊನೆಯ ಭಾಗ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೇ ಇಯತ್ತೆಯ ತನಕ. ಕೆಲಸ ಸಿಕ್ಕಿದ್ದು ಒಂದು ಟ್ರಾನ್ಸ್‌ಫಾರ್ಮರ್ ಘಟಕದಲ್ಲಿ, ತಾಮ್ರದ ತಂತಿ ಸುತ್ತುವ ಹಾಲ್‌ನಲ್ಲಿ. ಅಲ್ಲಿ ಮಷಿನುಗಳ ಗದ್ದಲದ ಮೇಲೆ ಹೆಂಗಸರ ಗದ್ದಲ. ಒಳ್ಳೆಯವರೇ, ಆದರೆ ಒಬ್ಬರೂ ಸುಮ್ಮನಿರುವವರಲ್ಲ. ಹೆಸರು ಕೇಳಿದರೂ ಸೆರಗಿನ ಅಂಚು ನೋಡುತ್ತಿದ್ದ ನನ್ನನ್ನು ರೇಗಿಸುವುದೇ ಅವರ ಊಟಕ್ಕೆ ಉಪ್ಪಿನಕಾಯಿ. ಬೆಳಿಗ್ಗೆ ಗೇಟು ಕಂಡರೆ ನನ್ನ ನಡಿಗೆ ತಾನಾಗಿಯೇ ನಿಧಾನವಾಗುತ್ತಿತ್ತು.

ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಹೊಸ ಕೋಣೆ ತೆರೆಯಿತು. ಅದನ್ನು ನಡೆಸುತ್ತಿದ್ದವರು ದಾವಣಗೆರೆ ಕಡೆಯ ಒಬ್ಬ ಎಂಜಿನಿಯರು. ಹಣೆಯ ತುಂಬ ವಿಭೂತಿ, ಜೇಬಿನ ತುಂಬ ಪೆನ್ನು. ನಾವೆಲ್ಲ ಅವರನ್ನು ಸಾರ್ ಎಂದೇ ಕರೆಯುತ್ತಿದ್ದೆವು. ಸೂಕ್ಷ್ಮ ಕೆಲಸಕ್ಕೆ ಒಬ್ಬ ಹೆಂಗಸು ಬೇಕು ಎಂದು ಅವರು ಕೆಳಗೆ ಬಂದು ಕೇಳಿದಾಗ ನಮ್ಮ ಸೂಪರ್‌ವೈಸರಮ್ಮ ನನ್ನ ಕಡೆ ಕೈ ತೋರಿಸಿ, "ಇವಳನ್ನ ಕರ್ಕೊಂಡೋಗಿ ಸಾರ್. ಉಸಿರಾಡ್ತಾಳೋ ಇಲ್ವೋ ಅಂತಾನೂ ಗೊತ್ತಾಗಲ್ಲ" ಎಂದರು. ಹಾಲ್‌ಗೆ ಹಾಲೇ ನಕ್ಕಿತು. ಸಾರ್ ನಗಲಿಲ್ಲ. ಅಂಥವರೇ ಬೇಕಾಗಿತ್ತು ಎಂದರು.

ನಿಜವಾಗಿಯೂ ಅಂಥವರೇ ಬೇಕಾಗಿತ್ತು. ಅಲ್ಲಿ ಹಿಡಿಯಬೇಕಾಗಿದ್ದದ್ದು ಫೈಬರ್ ಎಂಬ ಗಾಜಿನ ಎಳೆ. ತಲೆಗೂದಲಿನಷ್ಟೇ ಸಣ್ಣದು, ಜೋರಾಗಿ ಉಸಿರು ಬಿಟ್ಟರೆ ಅಲುಗುತ್ತದೆ. ಸಾರ್ ಚಿಮಟ ಕೊಟ್ಟು, ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಎತ್ತಿ ನೋಡಮ್ಮ ಎಂದರು. ಎತ್ತಿದೆ. ಕೈ ನಡುಗಲಿಲ್ಲ. ನಮ್ಮೂರಿನಲ್ಲಿ ಯಾರ ಕಾಲಿಗೆ ಜಾಲಿಮುಳ್ಳು ನೆಟ್ಟರೂ ನನ್ನ ಹತ್ತಿರ ಕಳಿಸುತ್ತಿದ್ದರು. ಮಾತಾಡದೆ, ನೋಯಿಸದೆ ಪಿನ್ನಿನಿಂದ ತೆಗೆಯುತ್ತಾಳೆ ಎಂದು ಹೆಸರಾಗಿತ್ತು. ಪೀಣ್ಯದ ಆ ಕೋಣೆಯಲ್ಲಿ ನನಗೆ ನೆನಪಾದದ್ದು ಬೇರೇನೂ ಅಲ್ಲ, ನಮ್ಮೂರ ಜನರ ಅಂಗಾಲುಗಳು.

ಆ ಕೋಣೆಯಲ್ಲಿ ಮಾಡುತ್ತಿದ್ದದ್ದು ಮಾಡ್ಯುಲೇಟರ್ ಎನ್ನುವ ವಸ್ತು. ಬೆಳಕಿನ ಮೇಲೆ ಸುದ್ದಿ ಹತ್ತಿಸಿ ಕಳಿಸುವ ಬಾಗಿಲು ಎಂದುಕೊಳ್ಳಿ. ನೀವು ನೋಡುವ ಸಿನಿಮಾ, ಆಡುವ ಆಟ ಎಲ್ಲ ಗಾಜಿನ ಎಳೆಯೊಳಗೆ ಬೆಳಕಾಗಿ ಬರುತ್ತದಂತೆ. ಬೆಳಕು ಸುಮ್ಮನೆ ಉರಿಯುತ್ತಿದ್ದರೆ ಅದರಲ್ಲಿ ಸುದ್ದಿ ಇರುವುದಿಲ್ಲ. ಒಮ್ಮೆ ಬಿಟ್ಟು ಒಮ್ಮೆ ತಡೆದು, ಬಿಟ್ಟು ತಡೆದು ಕಳಿಸಿದರೆ ಸುದ್ದಿ. ಈ ಬಾಗಿಲನ್ನು ಸಿಲಿಕಾನ್ ಚೂರಿನಲ್ಲೇ ಮಾಡಬೇಕು ಎಂಬುದು ಸಾರ್ ಹಿಡಿದ ಹಟ. ಚಿಪ್ಪು ಎನ್ನುವ ಆ ಚೂರು ನಮ್ಮ ಕಣ್ಣಿಗೆ ಸ್ಲೇಟಿನ ಬಣ್ಣದ ಕನ್ನಡಿ, ಆಚೆ ಏನೂ ಕಾಣುವುದಿಲ್ಲ. ಆದರೆ ಅಲ್ಲಿ ಬಳಸುತ್ತಿದ್ದ ಬೆಳಕಿಗೆ ಅದು ಬರೀ ಗಾಜು. ಆ ಬೆಳಕೂ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅಷ್ಟು ವರ್ಷ ಬೆಳಕಿನ ಕೆಲಸ ಮಾಡಿ ನಾನು ಅದನ್ನು ಒಂದು ಸಲವೂ ನೋಡಲಿಲ್ಲ.

ನನ್ನ ಕೆಲಸ ಗಾಜಿನ ಎಳೆಯ ತುದಿಯನ್ನು ಚಿಪ್ಪಿನ ಅಂಚಿಗೆ ಸರಿಯಾಗಿ ತಂದು ನಿಲ್ಲಿಸುವುದು. ಸಣ್ಣ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಮೀಟರಿನ ಮುಳ್ಳು ನೋಡುವುದು. ಮುಳ್ಳು ತುತ್ತತುದಿಗೆ ಹೋದಾಗ ಒಂದು ತೊಟ್ಟು ಅಂಟು, ಅದರ ಮೇಲೆ ನೀಲಿ ದೀಪ. ಅಂಟು ಗಟ್ಟಿಯಾಗುವ ತನಕ ಉಸಿರು ಹಿಡಿಯುವುದು. ಇಷ್ಟೇ. ಯಾರೂ ಮಾತಾಡಿಸುವಂತಿರಲಿಲ್ಲ. ಮಾತಾಡಿಸಿದರೆ ಕೆಲಸ ಕೆಡುತ್ತಿತ್ತು. ಮಕ್ಕಳೇ, ನಾನು ಸುಮ್ಮನಿರುವುದೇ ಕೆಲಸವಾಗಿರುವ ಜಾಗವೊಂದು ಭೂಮಿಯ ಮೇಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಿಮ್ಮ ತಾತ ಸಂಜೆ ಕೇಳುತ್ತಿದ್ದರು, "ಆ ಗಾಜಿನ ಕೂದ್ಲ ಜೊತೆನಾದ್ರೂ ಒಂದೆರಡು ಮಾತಾಡ್ತೀಯಾ, ಇಲ್ಲಾ ಅದ್ಕೂ ನಾಚ್ಕೆನಾ?"

ಕೋಣೆಯಲ್ಲಿ ನಾವು ನಾಲ್ಕೇ ಜನ. ಸಾರ್, ನಾನು, ಓದು ಮುಗಿಸಿ ಆಗಷ್ಟೇ ಬಂದಿದ್ದ ಒಬ್ಬ ಎಂಜಿನಿಯರ್ ಹುಡುಗಿ, ಮತ್ತೆ ಗದಗಿನ ಕಡೆಯ ಒಬ್ಬ ಅಕ್ಕ. ಹುಡುಗಿಯನ್ನು ನಾವು ಮೇಡಂ ಎನ್ನುತ್ತಿದ್ದೆವು, ಅವಳು ನಮ್ಮನ್ನು ಅಕ್ಕಾ ಎನ್ನುತ್ತಿದ್ದಳು. ಗದಗಿನ ಅಕ್ಕ ಚಿಪ್ಪು ತೊಳೆಯುವ, ಒರೆಸುವ ಕೆಲಸದವರು. ದಿನವೂ ಜೋಳದ ರೊಟ್ಟಿ, ಎಣಗಾಯಿ ತಂದು ನಮಗೆಲ್ಲ ಬಲವಂತವಾಗಿ ತಿನ್ನಿಸುತ್ತಿದ್ದರು.

ಕೋಣೆಯ ಹಣೆಬರಹ ಮಾತ್ರ ತೂಗಾಡುತ್ತಿತ್ತು. ಟೆಲಿಫೋನ್ ಸಲಕರಣೆ ಮಾಡುವ ಒಂದು ಕಂಪನಿಯವರು ಬಂದು ನೋಡುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಕೋಣೆ ಮುಚ್ಚಿ ಅಲ್ಲಿ ತಂತಿ ಉರುಳೆಗಳನ್ನು ತುಂಬುತ್ತೇವೆ ಎಂದು ಕೆಳಗಿನ ಮಾಲೀಕರು ಹೇಳಿಬಿಟ್ಟಿದ್ದರು. ಕೋಣೆ ಮುಚ್ಚಿದರೆ ನಾನು ಮತ್ತೆ ಆ ಹಾಲ್‌ಗೆ ಇಳಿಯಬೇಕು. ಸಾರ್‌ಗೆ ಅವರ ಜೀವಮಾನದ ಹಟ ಹೋಗುತ್ತಿತ್ತು, ಅದರ ಮುಂದೆ ನನ್ನದು ಒಂದು ಕುರ್ಚಿ ಅಷ್ಟೇ. ಆದರೂ ದಾರಿಯುದ್ದಕ್ಕೂ ನಾನು ಆ ಕುರ್ಚಿಯನ್ನೇ ನೆನೆಯುತ್ತ ನಡೆಯುತ್ತಿದ್ದೆ.

ಚಿಪ್ಪು ಸಿದ್ಧವಾದದ್ದು ಶ್ರಾವಣದ ಆರಂಭದಲ್ಲಿ. ಅದನ್ನು ಪರೀಕ್ಷೆಯ ಮೇಜಿನ ಮೇಲಿಟ್ಟರು. ಮೇಜಿಗೆ ಒತ್ತಿಕೊಂಡಂತೆ ಒಂದು ಕಬ್ಬಿಣದ ರ‍್ಯಾಕ್, ಅದರಲ್ಲಿ ಕರೆಂಟು ಕೊಡುವ ಪೆಟ್ಟಿಗೆಗಳು. ಎದುರಿಗೆ ಒಂದು ಪರದೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಗೆರೆಗಳು ಸೇರಿ, ತೆರೆದ ಕಣ್ಣಿನಂಥ ಆಕಾರ ಮೂಡುತ್ತಿತ್ತು. ಎಂಜಿನಿಯರುಗಳೂ ಅದನ್ನು ಕಣ್ಣು ಎಂದೇ ಕರೆಯುತ್ತಾರೆ. ಕಣ್ಣು ಅಗಲವಾಗಿ ತೆರೆದಿದ್ದರೆ ಸುದ್ದಿ ಸ್ವಚ್ಛವಾಗಿ ಹೋಗುತ್ತಿದೆ ಎಂದರ್ಥ. ರೆಪ್ಪೆ ಬಿದ್ದಂತೆ ಮುಚ್ಚಿಕೊಂಡರೆ ಕೆಟ್ಟಿತು ಎಂದರ್ಥ.

ಬೆಳಿಗ್ಗೆ ಕಣ್ಣು ತಾವರೆಯ ಹಾಗೆ ತೆರೆದಿರುತ್ತಿತ್ತು. ಹೊತ್ತೇರಿದಂತೆ ತೂಕಡಿಸಲು ಶುರು. ಊಟದ ಹೊತ್ತಿಗೆ ಪೂರ್ತಿ ನಿದ್ದೆ. ಊಟ ಮುಗಿಸಿ ಬಂದು ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದುಕೂರುತ್ತಿತ್ತು. ಸಾರ್ ಚಿಪ್ಪು ಬದಲಿಸಿದರು, ತಂತಿ ಬದಲಿಸಿದರು, ಹೊಸ ಸ್ಟೆಬಿಲೈಸರ್ ತಂದರು. ಮೇಡಂ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದಳು. ನಾನು ಅಂಟಿಸಿದ ಎಳೆಯೇ ಸರಿದಿದೆಯೇನೋ ಎಂದು ನನಗೆ ಒಳಗೊಳಗೇ ಹೆದರಿಕೆ. ಬಿಚ್ಚಿ ಮತ್ತೆ ಅಂಟಿಸಿದೆ. ಅದು ತೂಕಡಿಸುವುದನ್ನು ಬಿಡಲಿಲ್ಲ.

ಸೋಮವಾರ ಮಾತ್ರ ಏನೂ ಆಗುತ್ತಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಕಣ್ಣು ಮಿಟುಕಿಸದೆ ನಿಂತಿರುತ್ತಿತ್ತು. ಮುಂದಿನ ಸೋಮವಾರವೂ ಹಾಗೆಯೇ.

ಗದಗಿನ ಅಕ್ಕನಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಶ್ರಾವಣ ಸೋಮವಾರ, ಶಿವನ ದಿನ, ನಾವೆಲ್ಲ ಉಪವಾಸವಿದ್ದು ಬೇಡಿಕೊಳ್ಳುತ್ತಿದ್ದೇವೆ, ಇನ್ನೇನು ಬೇಕು? ನಾನು, ಅಕ್ಕ, ಸಾರ್ ಮೂವರೂ ಸೋಮವಾರ ಸಂಜೆ ಪೂಜೆಯಾಗುವ ತನಕ ಏನೂ ತಿನ್ನುತ್ತಿರಲಿಲ್ಲ. ಮೇಡಂ ಮನೆಯಲ್ಲಿ ಆ ಪದ್ಧತಿಯಿಲ್ಲ. ನಾವು ಮೂವರು ನೋಡುತ್ತಿರುವಾಗ ತಾನೊಬ್ಬಳೇ ಹೇಗೆ ತಿನ್ನುವುದು ಎಂದು ಅವಳೂ ಡಬ್ಬಿ ತರದೆ ಟೀ ಬಿಸ್ಕತ್ತಿನಲ್ಲಿ ದಿನ ತಳ್ಳುತ್ತಿದ್ದಳು. ಆದರೆ ಕಾರಣ ಶಿವ ಎಂದು ಮಾತ್ರ ಒಪ್ಪುತ್ತಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಒಂದು ದೊಡ್ಡ ಪವರ್ ಪ್ರೆಸ್ ಇತ್ತು. ಧಡ್ ಎಂದು ಬಿದ್ದಾಗ ನಮ್ಮ ನೀರಿನ ಲೋಟ ಅದುರುತ್ತಿತ್ತು.

"ಅಕ್ಕಾ, ಸೋಮವಾರ ಆ ಪ್ರೆಸ್‌ನವರಿಗೆ ವಾರದ ರಜ. ಅದಕ್ಕೇ ನಮ್ದು ಸರಿಯಾಗಿರುತ್ತೆ. ಅಷ್ಟೇ ಕಣ್ರೀ," ಎಂದಳು ಮೇಡಂ.

"ಹೌದೇಳ್ರಿ," ಎಂದರು ಅಕ್ಕ. "ಅವ್ರಿಗೆ ಸೋಮವಾರಾನ ರಜಾ ಕೊಡ್ಸಿದಾಂವ ಯಾರ್ರಿ?"

ಸಾರ್ ಎರಡೂ ಕಡೆಯವರು. ಪ್ರೆಸ್ಸಿನ ಮಾಲೀಕರ ಬಳಿ ಹೋಗಿ, ಇನ್ನೊಂದು ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ನಿಲ್ಲಿಸಿ ನೋಡೋಣವೇ ಎಂದು ಕೇಳಿದರಂತೆ. ಅವರು, ನಿಮ್ಮ ಬೆಳಕು ನಿಲ್ಲೋದಕ್ಕೆ ನನ್ನ ಮಷಿನು ನಿಲ್ಲಿಸಲೇ ಎಂದು ಟೀ ಕುಡಿಸಿ ಕಳಿಸಿದರಂತೆ. ಕೊನೆಗೆ ಸಾರ್ ಕಂಪನಿಯವರಿಗೆ ಫೋನು ಮಾಡಿ ಸೋಮವಾರವೇ ಬನ್ನಿ ಎಂದು ಕರೆದರು. ಶಿವನೂ ಇರುತ್ತಾನೆ, ಪ್ರೆಸ್ಸೂ ಇರುವುದಿಲ್ಲ ಎಂದು ನಮಗೆಲ್ಲ ಧೈರ್ಯ ಬಂತು.

ಬರುವ ಅತಿಥಿಗಳು ಉಪವಾಸದವರಲ್ಲವಲ್ಲ. ಬಂದವರು ಬರೀ ಹೊಟ್ಟೆಯಲ್ಲಿ ಹೋಗಬಾರದು, ಹೋಟೆಲಿನಿಂದ ತರಿಸುವುದು ತನಗೆ ಸರಿ ಕಾಣುವುದಿಲ್ಲ, ಮನೆಯದೇ ಏನಾದರೂ ಮಾಡಿ ತನ್ನಿ ಎಂದರು ಸಾರ್. ಅಕ್ಕ ಶಾವಿಗೆ ಉಪ್ಪಿಟ್ಟು ಮಾಡಿದರು. ನಾನು ಕೇಸರಿಬಾತ್ ಮಾಡಿದೆ. ಉಪವಾಸವಾದ್ದರಿಂದ ರುಚಿ ನೋಡುವಂತಿರಲಿಲ್ಲ. ನಿಮ್ಮ ಅಮ್ಮ ಚಮಚ ಹಿಡಿದು ಒಲೆಯ ಪಕ್ಕದಲ್ಲೇ ನಿಂತಿದ್ದಳು. ಅವಳ ನಾಲಿಗೆಯ ಮೇಲೆ ಭಾರ ಹಾಕಿ ಸಕ್ಕರೆ ಹದ ಮಾಡಿದೆ. ಎರಡೆರಡು ಸಲ ನೋಡಿದಳು, ಮೂರನೇ ಸಲ ನಾನು ಡಬ್ಬಿ ಮುಚ್ಚಿದೆ.

ಬಂದವರು ಇಬ್ಬರು. ಒಬ್ಬರು ನರೆತ ಕೂದಲಿನ ಹಿರಿಯರು, ಕಡಿಮೆ ಮಾತಿನವರು. ಅವರನ್ನು ಕಂಡರೆ ನನಗೆ ಭಯಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಇನ್ನೊಬ್ಬರು ಅವರ ಮಾತನ್ನೂ ಸೇರಿಸಿ ತಾವೇ ಆಡುತ್ತಿದ್ದರು. ಪರದೆಯ ಮೇಲೆ ಕಣ್ಣು ಚೆನ್ನಾಗಿ ತೆರೆದಿತ್ತು. ಸಾರ್ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ದಾರಿ ಬರೆದರು. ಬೆಳಕು ಚಿಪ್ಪಿನೊಳಗೆ ಎರಡು ಕವಲಾಗಿ ಹೋಗಿ ಮುಂದೆ ಮತ್ತೆ ಕೂಡುತ್ತದೆ. ಒಂದು ಕವಲಿಗೆ ಕರೆಂಟು ಕೊಟ್ಟರೆ ಅಲ್ಲಿನ ಬೆಳಕು ಒಂದು ಚೂರು ಹಿಂದೆ ಬೀಳುತ್ತದೆ. ನಾಗರಪಂಚಮಿಯ ಜೋಕಾಲಿಯನ್ನು ಇಬ್ಬರು ಒಟ್ಟಿಗೆ ತಳ್ಳಿದರೆ ಮೇಲೇರುತ್ತದೆ, ಎದುರುಬದುರು ತಳ್ಳಿದರೆ ನಿಂತೇ ಹೋಗುತ್ತದಲ್ಲ, ಹಾಗೆಯೇ ಎರಡು ಕವಲಿನ ಬೆಳಕು ಹೊಂದಿದರೆ ದಾಟುತ್ತದೆ, ಹೊಂದದಿದ್ದರೆ ಅಲ್ಲೇ ಆರುತ್ತದೆ. ಜೋಕಾಲಿಯ ಮಾತು ನನ್ನದು. ಸಾರ್ ಇಂಗ್ಲಿಷಿನಲ್ಲಿ ಏನು ಹೇಳಿದರೋ.

ಸಾರ್ ಇನ್ನೂ ಬರೆಯುತ್ತಿರುವಾಗಲೇ ಪರದೆಯ ಮೇಲೆ ರೆಪ್ಪೆ ಇಳಿಯತೊಡಗಿತು.

ಮೇಡಂ ಮೊದಲು ನೋಡಿದಳು. ಗುಂಡಿಗಳನ್ನು ತಿರುಗಿಸಿದಳು. ಕಣ್ಣು ಇನ್ನಷ್ಟು ಸಣ್ಣದಾಯಿತು. ಸಾರ್ ತಿರುಗಿ ನೋಡಿ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು, ಪೆನ್ನು ಎಂದುಕೊಂಡು. ಸೋಮವಾರವೇ ಹೀಗಾದರೆ ಇನ್ನು ಗತಿಯೇನು? ಗದಗಿನ ಅಕ್ಕ ನನ್ನ ಕಿವಿಯಲ್ಲಿ, "ಯಾರರ ಬಾಯಾಗ ಏನರ ಹಾಕ್ಕೊಂಡೀರೇನವಾ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ನನ್ನ ಕಣ್ಣ ಮುಂದೆ ಆಗಲೇ ಕೆಳಗಿನ ಹಾಲ್ ಬಂದಾಗಿತ್ತು. ತಂತಿ, ಗದ್ದಲ, ಸೂಪರ್‌ವೈಸರಮ್ಮನ ನಗು.

ಹಿರಿಯರು ಗಡಿಯಾರ ನೋಡಿದರು. ಸಾರ್ ನನಗೆ ಕೈಸನ್ನೆ ಮಾಡಿದರು. ತಿಂಡಿಯಾದರೂ ಬಡಿಸು ಎಂದು ಅದರ ಅರ್ಥ. ನಾನು ಎಲ್ಲರ ನಡುವೆ ತಲೆ ಬಗ್ಗಿಸಿ ಹೋಗಿ ರ‍್ಯಾಕಿನ ಮೇಲಿದ್ದ ಎರಡು ಸ್ಟೀಲ್ ಡಬ್ಬಿಗಳನ್ನು ತೆಗೆದುಕೊಂಡೆ. ಹೊರಗಿನ ಬೆಂಚಿನ ಮೇಲೆ ಬಡಿಸಿದೆವು. ಮಾತಿನವರು ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡರು. ಹಿರಿಯರು ನೀವೂ ತಗೊಳ್ಳಿ ಎಂದು ಸಾರ್‌ಗೆ ಹೇಳಿದರು. ಸಾರ್ ಸೋಮವಾರ ಎಂದು ಕೈ ಮುಗಿದರು. ಆ ಮುಖ ನೋಡಿದರೆ ಮಂಗಳವಾರವೂ ಅವರ ಗಂಟಲಲ್ಲಿ ತುತ್ತು ಇಳಿಯುವ ಹಾಗಿರಲಿಲ್ಲ.

ಕೈ ತೊಳೆದು ಒಳಗೆ ಬಂದರೆ ಕಣ್ಣು ತೆರೆದು ಕೂತಿದೆ.

ಮತ್ತೆ ಶುರುವಾಯಿತು. ಸಾರ್ ದನಿ ಏರಿತು. ನಾನು ಉಳಿದ ಕೇಸರಿಬಾತ್ ಆರದಿರಲಿ ಎಂದು ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಬಾಗಿಲ ಮರೆಗೆ ಸರಿದೆ. ಅಕ್ಕನೂ ಉಪ್ಪಿಟ್ಟಿನ ಡಬ್ಬಿ ಇಟ್ಟರು. ಸ್ವಲ್ಪ ಹೊತ್ತಿಗೆ ರೆಪ್ಪೆ ಮತ್ತೆ ಇಳಿಯಿತು. ಹಿರಿಯರು ಏಳುವ ಹಾಗೆ ಕಂಡರು. ಹೊರಡುವವರಿಗೆ ಡಬ್ಬಿ ಖಾಲಿ ಮಾಡಿ ಕಟ್ಟಿಕೊಡೋಣವೆಂದು ನಾನು ಎರಡನ್ನೂ ಎತ್ತಿಕೊಂಡೆ. ಬಾಗಿಲು ದಾಟುವಷ್ಟರಲ್ಲಿ ಮೇಡಂ, "ಅಕ್ಕಾ, ನಿಲ್ಲಿ" ಎಂದಳು.

ನಿಂತೆ.

ಮೇಡಂ ಪರದೆಯಿಂದ ಕಣ್ಣು ಕೀಳಲಿಲ್ಲ. ತುಸು ಹೊತ್ತು ಹಾಗೇ ನೋಡಿ, "ಡಬ್ಬಿ ವಾಪಸ್ ಇಡಿ" ಎಂದಳು. ಏನೋ ತಪ್ಪಾಯಿತೆಂದುಕೊಂಡು ಇಟ್ಟೆ. ಎಲ್ಲರೂ ಕಾದರು. "ಈಗ ತೆಗೀರಿ." ತೆಗೆದೆ. ಮತ್ತೆ ಕಾದರು. "ಇನ್ನೊಂದ್ಸಲ ಇಡಿ." ಅಷ್ಟು ಗಂಡಸರ ಮುಂದೆ ಕೇಸರಿಬಾತ್ ಡಬ್ಬಿಯನ್ನು ಇಡುವುದು, ತೆಗೆಯುವುದು, ಇಡುವುದು, ತೆಗೆಯುವುದು. ನೆಲ ಬಾಯಿ ಬಿಟ್ಟರೆ ಡಬ್ಬಿ ಸಮೇತ ಇಳಿದುಹೋಗುತ್ತಿದ್ದೆ. ಆದರೆ ಪರದೆಯ ಮೇಲಿನ ಕಣ್ಣು ನನ್ನ ಕೈಗೆ ಕಾದಂತೆ ಮುಚ್ಚುತ್ತಿತ್ತು, ತೆರೆಯುತ್ತಿತ್ತು.

ಕರೆಂಟು ಕೊಡುವ ಪೆಟ್ಟಿಗೆಯ ನೆತ್ತಿಯ ಮೇಲೆ ಜಾಲರಿ. ಅದರಿಂದ ಬಿಸಿಗಾಳಿ ನೆಟ್ಟಗೆ ಮೇಲೆ ಹೋಗುತ್ತಿತ್ತು. ಆ ಜಾಲರಿಯ ಮೇಲೆ ಡಬ್ಬಿಯಿಟ್ಟರೆ ಅನ್ನ ಬೆಚ್ಚಗಿರುತ್ತಿತ್ತು, ಬಿಸಿಗಾಳಿ ಮಾತ್ರ ಪಕ್ಕಕ್ಕೆ ತಿರುಗಿ ಚಿಪ್ಪಿನ ಮೇಲೆ ಹರಿಯುತ್ತಿತ್ತು. ಸಿಲಿಕಾನ್ ಬಿಸಿಯಾದರೆ ಅದರೊಳಗೆ ಬೆಳಕಿನ ನಡಿಗೆ ಬದಲಾಗುತ್ತದೆ. ಎರಡು ಕವಲಿನ ಬೆಳಕು ಹೊಂದುವುದಿಲ್ಲ. ಇದನ್ನೆಲ್ಲ ಮೇಡಂ ಒಂದೇ ಉಸಿರಿಗೆ ಅವರಿಗೆ ಹೇಳಿದಳು.

ಹಿರಿಯರು ನನ್ನ ಕಡೆ ತಿರುಗಿ, ಕನ್ನಡದಲ್ಲೇ ಕೇಳಿದರು. "ಅಲ್ಲಮ್ಮಾ, ದಿನಾನೂ ಇಲ್ಲಿ ಊಟ ಇಡೋರು ಯಾರು?"

ಸಾರ್ ಹಲಗೆ ಒರೆಸತೊಡಗಿದರು. ಮೇಡಂ ಉಗುರು ನೋಡಿಕೊಂಡಳು. ಗದಗಿನ ಅಕ್ಕ ಸೆರಗು ಸರಿಮಾಡಿಕೊಂಡರು. ಕೇಳಿದ್ದು ನನ್ನನ್ನು, ಹೇಳಬೇಕಾದವಳು ನಾನೇ.

"ಎಲ್ರೂ ಇಡ್ತೀವಿ ಸಾರ್," ಎಂದೆ. "ಸೋಮವಾರ ಬಿಟ್ಟು."

ಮೊದಲು ನಕ್ಕವರು ನಮ್ಮ ಸಾರ್. ಗೋಡೆ ಹಿಡಿದುಕೊಂಡು ನಕ್ಕರು. ದಿನವೂ ಆ ಜಾಲರಿಯ ನಟ್ಟನಡುವೆ ಕೂರುತ್ತಿದ್ದ ಎಲ್ಲಕ್ಕಿಂತ ದೊಡ್ಡ ಡಬ್ಬಿ ಅವರದೇ. ಅದು ಶಿವನೂ ಅಲ್ಲ, ಪವರ್ ಪ್ರೆಸ್ಸೂ ಅಲ್ಲ, ನಮ್ಮೆಲ್ಲರ ಊಟ. ಗದಗಿನ ಅಕ್ಕ ಮಾತ್ರ ಸೋಲಲಿಲ್ಲ. "ಉಪಾಸ ಮಾಡಿದ್ರ ನೆಟ್ಟಗಿರ್ತೈತಿ ಅಂತ ನಾ ಹೇಳಿದ್ದಿಲ್ಲೇನ್ರಿ?" ಎಂದು ಮೇಡಂಗೆ ಕೇಳಿದರು. ಮೇಡಂ ಒಪ್ಪಿಕೊಳ್ಳಲೇಬೇಕಾಯಿತು.

ಹಿರಿಯರು ಅವತ್ತೇ ಹೂಂ ಎನ್ನಲಿಲ್ಲ. ಕಾರಣ ಗೊತ್ತಿಲ್ಲದೆ ಕೆಟ್ಟಿದ್ದರೆ ಇಲ್ಲಿಗೆ ಬಿಡುತ್ತಿದ್ದೆ, ಕಾರಣ ಸಿಕ್ಕಿದೆಯಲ್ಲ, ಸರಿಮಾಡಿ ದೀಪಾವಳಿ ಹೊತ್ತಿಗೆ ತೋರಿಸಿ, ಆಗ ಸೋಮವಾರ ಬಿಟ್ಟು ಬೇರೆ ದಿನ ಬರುತ್ತೇನೆ ಎಂದರು. ಸಾರ್ ಮತ್ತು ಮೇಡಂ ಸೇರಿ ಚಿಪ್ಪಿನ ಕೆಳಗೆ ಉಗುರಿನಷ್ಟು ಅಗಲದ ಒಂದು ಬಿಸಿತಟ್ಟೆ ಕೂರಿಸಿದರು. ಹೊರಗೆ ಸೆಕೆಯಾಗಲಿ ಚಳಿಯಾಗಲಿ ಅದು ಚಿಪ್ಪನ್ನು ಒಂದೇ ಹದದಲ್ಲಿ ಇಡುತ್ತಿತ್ತು. ಬಿಸಿ ಇರುವುದರಿಂದ ತೊಂದರೆಯಿಲ್ಲ, ಬಿಸಿ ಬದಲಾಗುತ್ತಿದ್ದರೆ ತೊಂದರೆ ಎಂದು ಮೇಡಂ ನನಗೆ ತಿಳಿಸಿ ಹೇಳಿದಳು. ಆ ತಟ್ಟೆಯ ತಂತಿಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಅಂಟಿಸಿದವಳು ನಾನು.

ಹಿರಿಯರು ಮತ್ತೆ ಬಂದದ್ದು ಒಂದು ಗುರುವಾರ. ಕಣ್ಣು ಸಂಜೆಯ ತನಕ ತೆರೆದೇ ಇತ್ತು. ಹೋಗುವ ಮುಂಚೆ ಅವರೇ ರ‍್ಯಾಕಿನ ಮೇಲೆ ಕೇಸರಿಬಾತ್ ಡಬ್ಬಿ ಇಡಿಸಿ ನೋಡಿದರು. ಕಣ್ಣು ಮುಚ್ಚಲಿಲ್ಲ. ಆಮೇಲೆ ಡಬ್ಬಿ ತೆಗೆದು ತಿಂದರು. ನಮ್ಮ ಮಾಡ್ಯುಲೇಟರಿನ ವೇಗ ಈಗಿನ ಲೆಕ್ಕಕ್ಕೆ ಎತ್ತಿನ ಗಾಡಿ ಎಂದು ನಿಮ್ಮ ಅಮ್ಮ ಹೇಳುತ್ತಾಳೆ. ಇರಬಹುದು. ಅವತ್ತು ನಮಗೆ ಅದೇ ವಿಮಾನ. ಕೋಣೆ ಉಳಿಯಿತು, ನನ್ನ ಕುರ್ಚಿಯೂ ಉಳಿಯಿತು. ಕರೆಂಟು ಕೊಡುವ ಹಳೆಯ ಪೆಟ್ಟಿಗೆಯೊಂದನ್ನು ಸಾರ್ ಹೊರಗಿನ ಬೆಂಚಿನ ಮೇಲೆ ಇಡಿಸಿ, ಇದು ಊಟಕ್ಕೇ ಮೀಸಲು ಎಂದರು. ಅಲ್ಲಿ ನಮ್ಮ ಡಬ್ಬಿಗಳು ವರ್ಷಗಟ್ಟಲೆ ಬೆಚ್ಚಗೆ ಕೂತವು.

ಡಬ್ಬಿಯ ಗುಟ್ಟು ಬಯಲಾದ ಆ ಸೋಮವಾರ ಸಂಜೆ ಪೂಜೆ ಮುಗಿಸಿ ಊಟಕ್ಕೆ ಕೂತಾಗ ನಿಮ್ಮ ತಾತನಿಗೆ ಎಲ್ಲ ಹೇಳಿದೆ. ನಾನು ಅಷ್ಟು ಉದ್ದ ಮಾತಾಡಿದ್ದನ್ನು ಅವರು ಕೇಳಿದ್ದು ಅದೇ ಮೊದಲು. ಕೈಯಲ್ಲಿ ತುತ್ತು ಹಿಡಿದು ಹಾಗೇ ಕೂತಿದ್ದರು. ಕೊನೆಗೆ, "ಅಷ್ಟ್ ಜನದ್ ಮುಂದೆ ನೀನು ಅಂಗಂದ್ಯಾ?" ಎಂದು ಕೇಳಿದರು. ಹೂಂ ಎಂದೆ. ಮಾರನೆಯ ದಿನ ಅವರ ಲೇತ್ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ತೀರಿಹೋಗುವ ವರ್ಷದ ತನಕವೂ, ಮನೆಯಲ್ಲಿ ಯಾವ ವಸ್ತು ಕೆಟ್ಟರೂ ಮೊದಲು ಕೇಳುತ್ತಿದ್ದದ್ದು ಒಂದೇ. ಮೇಲೆ ಡಬ್ಬಿ ಏನಾದ್ರೂ ಐತೇನು ನೋಡು. ಈಗ ಫ್ಯಾನು ಕಿರುಗುಟ್ಟಿದರೂ ಆ ಮಾತು ಕೇಳಿದ ಹಾಗಾಗಿ ನಗು ಬರುತ್ತದೆ.

ಪುಟ್ಟಿ, ನಾನು ಓಡಿದ್ದು ಇದಕ್ಕೆ. ಪೀಠ ಅಲ್ಲ ಕಂದಾ, ಜಾಲರಿ. ಅದೂ ಉಸಿರಾಡಬೇಕು. ನಿಮ್ಮ ಪೆಟ್ಟಿಗೆಯೊಳಗೆ ಚಿಪ್ಪಿದೆಯೋ ಏನಿದೆಯೋ ನನಗೆ ತಿಳಿಯದು. ಆದರೆ ಗೋಡೆಯಿಂದ ಅದಕ್ಕೆ ಬರುವ ಆ ಬಿಳಿ ಎಳೆ ನನಗೆ ಗೊತ್ತು. ಅದರ ಜೊತೆ ನಾನು ಬಹಳ ವರ್ಷ ಸುಮ್ಮನೆ ಕೂತಿದ್ದೇನೆ.

ಈ ಹಾಳೆಗಳನ್ನು ಕಳೆಯಬೇಡಿ. ನನ್ನ ಬಾಯಿಂದ ಇಷ್ಟು ಮಾತು ಇನ್ನೊಮ್ಮೆ ಹೊರಡುವುದು ಕಷ್ಟ. ನಿಮ್ಮ ಅಮ್ಮನ ರೇಷ್ಮೆ ಸೀರೆಗಳ ಮಡಿಕೆಯಲ್ಲಿಡಿ, ನಿಮ್ಮ ಪುಸ್ತಕಗಳ ನಡುವೆ ಇಡಿ, ಎಲ್ಲಿ ಬೇಕಾದರೂ ಇಡಿ. ಆ ಪೆಟ್ಟಿಗೆಯ ಮೇಲೆ ಮಾತ್ರ ಇಡಬೇಡಿ.